ರೂಟ್ ಮಾಡಿದ ಮೊಬೈಲ್ ಫೋನ್‌ಗಳ ಫರ್ಮ್‌ವೇರ್ ಪರಿಷ್ಕರಣೆ ಮತ್ತು ವೈಯಕ್ತಿಕ ದತ್ತಾಂಶದ ಸಂರಕ್ಷಣೆ

ಮೊಬೈಲ್ ಫೋನಿನ ಯಂತ್ರಾಂಶವನ್ನು ನಡೆಸುವ ಮೂಲ ತಂತ್ರಾಂಶವನ್ನು ಫರ್ಮ್‌ವೇರ್ ಎಂದು ಕರೆಯಲಾಗುತ್ತದೆ. ಆಂಡ್ರಾಯ್ಡ್ ಫೋನ್‌ಗಳಲ್ಲಿ ಬೂಟ್‌ಲೋಡರ್, ಕರ್ನಲ್, ಕಾರ್ಯಾಚರಣಾ ವ್ಯವಸ್ಥೆ ಹಾಗೂ ಮೋಡೆಮ್‌ನ ತಂತ್ರಾಂಶ ಇವೆಲ್ಲವೂ ಇದರಲ್ಲಿ ಸೇರುತ್ತವೆ. ತಯಾರಕರು ಕಾಲಕಾಲಕ್ಕೆ ಇದರ ಪರಿಷ್ಕೃತ ಆವೃತ್ತಿಗಳನ್ನು ಬಿಡುಗಡೆ ಮಾಡುತ್ತಾರೆ. ಸಾಮಾನ್ಯ ಬಳಕೆದಾರರಿಗೆ ಪರಿಷ್ಕರಣೆಯು ಒಂದು ಗುಂಡಿ ಒತ್ತುವಷ್ಟರ ಕೆಲಸ. ರೂಟ್ ಮಾಡಿದ ಫೋನಿನಲ್ಲಿ ಅದೇ ಕೆಲಸವು ಅರ್ಧದಲ್ಲಿ ವಿಫಲವಾಗಬಹುದು. ತಪ್ಪು ಕ್ರಮದಲ್ಲಿ ಮಾಡಿದಲ್ಲಿ ಛಾಯಾಚಿತ್ರ, ಸಂದೇಶ ಮತ್ತು ದಾಖಲೆಗಳು ಮರಳಿ ಪಡೆಯಲಾಗದಂತೆ ಅಳಿಸಿಹೋಗಬಹುದು. ಈ ಭಯದಿಂದ ಪರಿಷ್ಕರಣೆಯನ್ನೇ ಕೈಬಿಟ್ಟವರೂ ಇದ್ದಾರೆ. ವಾಸ್ತವದಲ್ಲಿ ಫರ್ಮ್‌ವೇರ್ ಬದಲಾವಣೆಯು ತಾನಾಗಿ ದತ್ತಾಂಶವನ್ನು ಅಳಿಸುವುದಿಲ್ಲ. ಅಳಿಸುವ ಕ್ರಿಯೆಗಳು ಬೇರೆ ಇವೆ. ಅವು ಯಾವುವೆಂದು ತಿಳಿದು ದೂರವಿರಿಸಿದಲ್ಲಿ ದತ್ತಾಂಶವು ಸುರಕ್ಷಿತವಾಗಿ ಉಳಿಯುತ್ತದೆ.

ರೂಟ್ ಮಾಡುವುದು ಎಂದರೇನು?

ಆಂಡ್ರಾಯ್ಡ್ ವ್ಯವಸ್ಥೆಯು ಲಿನಕ್ಸ್ ಕರ್ನಲ್ ಅನ್ನು ಆಧರಿಸಿದೆ. ಲಿನಕ್ಸ್‌ನಲ್ಲಿ ಸರ್ವಾಧಿಕಾರವುಳ್ಳ ಬಳಕೆದಾರನಿಗೆ 'ರೂಟ್' ಎಂದು ಹೆಸರು. ತಯಾರಕರು ಫೋನಿನ ಒಡೆಯನಿಗೆ ಈ ಅಧಿಕಾರವನ್ನು ನೀಡಿರುವುದಿಲ್ಲ. ಅದನ್ನು ಪಡೆದುಕೊಳ್ಳುವುದೇ ರೂಟ್ ಮಾಡುವುದು. ಹಿಂದೆ ಇದಕ್ಕಾಗಿ ಸಿಸ್ಟಂ ವಿಭಾಗದ ಕಡತಗಳನ್ನೇ ತಿದ್ದಲಾಗುತ್ತಿತ್ತು. 2016ರಲ್ಲಿ ಬಂದ ಮ್ಯಾಜಿಸ್ಕ್ ಎಂಬ ತಂತ್ರಾಂಶವು ಸಿಸ್ಟಂ ವಿಭಾಗವನ್ನು ಮುಟ್ಟದೆ, ಫೋನ್ ಚಾಲೂ ಆಗುವಾಗ ಮೊದಲು ಓದಲಾಗುವ ಬೂಟ್ ಚಿತ್ರಿಕೆಯನ್ನು ಮಾತ್ರ ಮಾರ್ಪಡಿಸುವ ವಿಧಾನವನ್ನು ಬಳಕೆಗೆ ತಂದಿತು. ಈ ಲೇಖನದಲ್ಲಿ ವಿವರಿಸಿರುವುದು ಮುಖ್ಯವಾಗಿ ಈ ವಿಧಾನದಲ್ಲಿ ರೂಟ್ ಆದ ಫೋನ್‌ಗಳಿಗೆ ಅನ್ವಯಿಸುತ್ತದೆ.

ರೂಟ್ ಮಾಡುವುದರಿಂದ ಖಾತರಿ ರದ್ದಾಗಬಹುದು. ಬ್ಯಾಂಕಿಂಗ್ ಮತ್ತು ಪಾವತಿ ತಂತ್ರಾಂಶಗಳಲ್ಲಿ ಹಲವು ಇಂತಹ ಫೋನಿನಲ್ಲಿ ಕೆಲಸ ಮಾಡಲು ನಿರಾಕರಿಸುತ್ತವೆ. ಹೊಸದಾಗಿ ರೂಟ್ ಮಾಡಲು ಇದು ಪ್ರೋತ್ಸಾಹವಲ್ಲ. ಈಗಾಗಲೇ ರೂಟ್ ಮಾಡಿಕೊಂಡಿರುವವರಿಗಾಗಿ ಈ ಮಾಹಿತಿ.

ಪರಿಷ್ಕರಣೆ ಏಕೆ ಅವಶ್ಯಕ?

2015ರಲ್ಲಿ 'ಸ್ಟೇಜ್‌ಫ್ರೈಟ್' ಎಂಬ ದೋಷಗಳ ಸಮೂಹವು ಬೆಳಕಿಗೆ ಬಂದಿತು. ಬಹುಮಾಧ್ಯಮ ಸಂದೇಶವೊಂದನ್ನು ಕಳುಹಿಸುವ ಮೂಲಕವೇ ಬೇರೊಬ್ಬರ ಫೋನಿನೊಳಗೆ ಪ್ರವೇಶಿಸಲು ಅವಕಾಶವಿತ್ತು. ಆ ವರ್ಷದಿಂದಲೇ ಗೂಗಲ್ ಸಂಸ್ಥೆಯು ಆಂಡ್ರಾಯ್ಡ್ ಭದ್ರತಾ ಪ್ರಕಟಣೆಗಳನ್ನು ಪ್ರತಿ ತಿಂಗಳು ಹೊರಡಿಸುವ ಕ್ರಮವನ್ನು ಆರಂಭಿಸಿತು. ಭಾರತದಲ್ಲಿ 2004ರಿಂದ ಕಾರ್ಯ ನಿರ್ವಹಿಸುತ್ತಿರುವ ಸರ್ಟ್-ಇನ್ ಸಂಸ್ಥೆಯು ಸಹ ಆಂಡ್ರಾಯ್ಡ್ ದೋಷಗಳ ಬಗ್ಗೆ ಎಚ್ಚರಿಕೆಗಳನ್ನು ಪ್ರಕಟಿಸುತ್ತದೆ. ರೂಟ್ ಮಾಡಿದ ಫೋನಿನಲ್ಲಿ ರಕ್ಷಣೆಯ ಒಂದು ಪದರವು ಮೊದಲೇ ಸಡಿಲಗೊಂಡಿರುತ್ತದೆ. ಅಂತಹ ಫೋನಿನಲ್ಲಿ ಹಳೆಯ ದೋಷಗಳನ್ನೂ ಹಾಗೆಯೇ ಉಳಿಸಿಕೊಳ್ಳುವುದು ಮುಂಬಾಗಿಲ ಚಿಲಕ ತೆಗೆದು ಹಿತ್ತಲ ಬಾಗಿಲನ್ನೂ ತೆರೆದಿಟ್ಟಂತೆ.

ಸಾಮಾನ್ಯ ಪರಿಷ್ಕರಣೆ ಏಕೆ ವಿಫಲವಾಗುತ್ತದೆ?

ಅಂತರ್ಜಾಲದ ಮೂಲಕ ಫೋನಿಗೆ ನೇರವಾಗಿ ಬರುವ ಪರಿಷ್ಕರಣೆಯು ಸಾಮಾನ್ಯವಾಗಿ ಹಳೆಯ ಮತ್ತು ಹೊಸ ಆವೃತ್ತಿಗಳ ನಡುವಣ ವ್ಯತ್ಯಾಸವನ್ನಷ್ಟೇ ಹೊತ್ತು ತರುತ್ತದೆ. ಆ ವ್ಯತ್ಯಾಸವನ್ನು ಸೇರಿಸುವ ಮುನ್ನ ಫೋನಿನಲ್ಲಿರುವ ಹಳೆಯ ಆವೃತ್ತಿಯು ತಯಾರಕರು ಕೊಟ್ಟಂತೆಯೇ ಇದೆಯೇ ಎಂದು ಪರಿಶೀಲಿಸಲಾಗುತ್ತದೆ. 2014ರ ಆಂಡ್ರಾಯ್ಡ್ 5.0 ಆವೃತ್ತಿಯಿಂದ ಈ ಪರಿಶೀಲನೆಯು ಕಡತಗಳ ಮಟ್ಟದಿಂದ ಇಡೀ ವಿಭಾಗದ ಮಟ್ಟಕ್ಕೆ ಬಂದಿತು. ಆದ್ದರಿಂದ ಬೂಟ್ ಚಿತ್ರಿಕೆಯಲ್ಲಿ ಒಂದು ಬೈಟ್ ಬದಲಾಗಿದ್ದರೂ ಪರಿಷ್ಕರಣೆಯು ನಿಂತುಹೋಗುತ್ತದೆ. ಹೀಗೆ ನಿಂತುಹೋಗುವುದರಿಂದ ದತ್ತಾಂಶಕ್ಕೆ ಯಾವ ಹಾನಿಯೂ ಇಲ್ಲ. ಹಾನಿಯಾಗುವುದು, ವಿಫಲವಾದ ಬಳಿಕ ಬಳಕೆದಾರರು ಆತುರದಲ್ಲಿ ಹುಡುಕುವ ಅಡ್ಡದಾರಿಗಳಲ್ಲಿ.

ದತ್ತಾಂಶವು ಎಲ್ಲಿರುತ್ತದೆ, ಯಾವಾಗ ಅಳಿಯುತ್ತದೆ?

ಫೋನಿನ ಸಂಗ್ರಹಣಾ ಸ್ಥಳವನ್ನು ಹಲವು ವಿಭಾಗಗಳಾಗಿ ವಿಂಗಡಿಸಲಾಗಿರುತ್ತದೆ. ಫರ್ಮ್‌ವೇರ್‌ಗೆ ಸೇರಿದ ವಿಭಾಗಗಳು ಬೇರೆ. ಬಳಕೆದಾರರ ಎಲ್ಲ ದತ್ತಾಂಶವಿರುವ 'ಯೂಸರ್‌ಡೇಟಾ' ವಿಭಾಗ ಬೇರೆ. ಪರಿಷ್ಕರಣೆಯು ಮೊದಲಿನವುಗಳನ್ನು ಬದಲಿಸುತ್ತದೆ, ಎರಡನೆಯದನ್ನು ಬದಲಿಸುವ ಅಗತ್ಯವೇ ಅದಕ್ಕಿಲ್ಲ. 2016ರ ಆಂಡ್ರಾಯ್ಡ್ 7.0 ಆವೃತ್ತಿಯ ಕಾಲದಿಂದ ಅನೇಕ ಫೋನ್‌ಗಳಲ್ಲಿ ಫರ್ಮ್‌ವೇರ್ ವಿಭಾಗಗಳು 'ಎ' ಮತ್ತು 'ಬಿ' ಎಂದು ಎರಡು ಜೊತೆಯಾಗಿ ಇರುತ್ತವೆ. ಒಂದರಲ್ಲಿ ಫೋನ್ ನಡೆಯುತ್ತಿರುವಾಗಲೇ ಇನ್ನೊಂದರಲ್ಲಿ ಹೊಸ ಆವೃತ್ತಿಯನ್ನು ಬರೆಯಲಾಗುತ್ತದೆ. ಹೊಸದು ಚಾಲೂ ಆಗದಿದ್ದಲ್ಲಿ ಫೋನ್ ಹಳೆಯದಕ್ಕೆ ಮರಳುತ್ತದೆ. ಇದರಿಂದ ದತ್ತಾಂಶಕ್ಕೂ ಎರಡು ಪ್ರತಿಗಳಿವೆ ಎಂದು ಕೆಲವರು ಭಾವಿಸುತ್ತಾರೆ. ಅದು ತಪ್ಪು ತಿಳಿವಳಿಕೆ. ಯೂಸರ್‌ಡೇಟಾ ವಿಭಾಗ ಒಂದೇ ಇರುತ್ತದೆ.

ಈ ವಿಭಾಗವನ್ನು ಅಳಿಸುವ ಮೊದಲ ಕ್ರಿಯೆ ಬೂಟ್‌ಲೋಡರ್‌ನ ಬೀಗವನ್ನು ತೆರೆಯುವುದು ಅಥವಾ ಹಾಕುವುದು. ಬೀಗ ತೆರೆದಾಗ ದತ್ತಾಂಶ ಅಳಿಯುವುದು ರೂಟ್ ಮಾಡಿದವರೆಲ್ಲರ ಅನುಭವಕ್ಕೆ ಬಂದ ಸಂಗತಿ. ಮರಳಿ ಹಾಕಿದಾಗಲೂ ಅಳಿಯುತ್ತದೆ ಎಂಬುದು ಅನೇಕರಿಗೆ ತಿಳಿದಿಲ್ಲ. "ಪರಿಷ್ಕರಣೆಗೆ ಮುನ್ನ ಬೀಗ ಹಾಕಿ ಫೋನನ್ನು ಮೊದಲಿನಂತೆ ಮಾಡಬೇಕು" ಎಂಬ ಸಲಹೆಯನ್ನು ಯಾವ ಕಾರಣಕ್ಕೂ ಪಾಲಿಸತಕ್ಕದ್ದಲ್ಲ. ಮಾರ್ಪಡಿಸಿದ ತಂತ್ರಾಂಶವಿರುವಾಗ ಬೀಗ ಹಾಕಿದಲ್ಲಿ ಫೋನ್ ಚಾಲೂ ಆಗದೆ ನಿಷ್ಪ್ರಯೋಜಕವೂ ಆಗಬಹುದು.

ಎರಡನೆಯದು, ಗಣಕಯಂತ್ರದಿಂದ ಫರ್ಮ್‌ವೇರ್ ಬರೆಯುವ ತಂತ್ರಾಂಶಗಳಲ್ಲಿರುವ ಆಯ್ಕೆಗಳು. ಇವುಗಳ ವಿವರ ಮುಂದೆ ಇದೆ. ಮೂರನೆಯದು ಹಿಂದಿನ ಆವೃತ್ತಿಗೆ ಮರಳುವುದು ಅಥವಾ ಬೇರೆಯವರು ರಚಿಸಿದ ಕಾರ್ಯಾಚರಣಾ ವ್ಯವಸ್ಥೆಗೆ ಬದಲಾಗುವುದು. ಹೊಸ ಆವೃತ್ತಿಯು ಮಾರ್ಪಡಿಸಿದ ದತ್ತಾಂಶವನ್ನು ಹಳೆಯದು ಓದಲಾರದು. ಕೆಲವು ಫೋನ್‌ಗಳಲ್ಲಿ ಹಿಂದಕ್ಕೆ ಹೋಗಲು ಅವಕಾಶವೇ ಇಲ್ಲ. ಪಿಕ್ಸೆಲ್ 6 ಶ್ರೇಣಿಯ ಫೋನ್‌ಗಳು 2022ರಲ್ಲಿ ಆಂಡ್ರಾಯ್ಡ್ 13ಕ್ಕೆ ಏರಿದ ಬಳಿಕ 12ಕ್ಕೆ ಮರಳುವುದನ್ನು ಬೂಟ್‌ಲೋಡರ್ ತಡೆಯುತ್ತದೆ.

ಅಳಿದ ದತ್ತಾಂಶವನ್ನು ಮರಳಿ ತೆಗೆದುಕೊಡುವುದಾಗಿ ಹೇಳುವ ತಂತ್ರಾಂಶಗಳನ್ನು ನಂಬಿ ಹಣ ವ್ಯಯಿಸುವುದು ವ್ಯರ್ಥ. ಇಂದಿನ ಫೋನ್‌ಗಳಲ್ಲಿ ದತ್ತಾಂಶವು ಗೂಢಲಿಪಿಯಲ್ಲಿರುತ್ತದೆ, ಅದರ ಕೀಲಿಯನ್ನು ಫೋನಿನ ಸುರಕ್ಷಿತ ಯಂತ್ರಾಂಶವು ಕಾಯುತ್ತದೆ. ವಿಭಾಗವನ್ನು ಅಳಿಸಿದಾಗ ಕೀಲಿಯೂ ನಾಶವಾಗುತ್ತದೆ. ಕೀಲಿಯಿಲ್ಲದೆ ಉಳಿದ ಅಕ್ಷರರಾಶಿಗೆ ಅರ್ಥವಿಲ್ಲ.

ಪೂರ್ವಸಿದ್ಧತೆ

ಮೊದಲನೆಯದಾಗಿ, ದತ್ತಾಂಶದ ಪ್ರತಿಯನ್ನು ಫೋನಿನ ಹೊರಗೆ ಇರಿಸತಕ್ಕದ್ದು. ಟಿಡಬ್ಲ್ಯುಆರ್‌ಪಿ ಎಂಬ ರಿಕವರಿ ತಂತ್ರಾಂಶದ ಮೂಲಕ ಬ್ಯಾಕಪ್ ಮಾಡಿಕೊಂಡವರು ನಿಶ್ಚಿಂತರಾಗುವುದುಂಟು. ಆದರೆ ಅದರ 'ಡೇಟಾ' ಬ್ಯಾಕಪ್‌ನಲ್ಲಿ ಆಂತರಿಕ ಸಂಗ್ರಹದಲ್ಲಿರುವ ಛಾಯಾಚಿತ್ರ, ದೃಶ್ಯಮುದ್ರಿಕೆ ಮತ್ತು ಇತರ ಕಡತಗಳು ಸೇರುವುದಿಲ್ಲ. ಅಲ್ಲದೆ ಆ ಬ್ಯಾಕಪ್ ಅನ್ನು ಅದೇ ಆಂತರಿಕ ಸಂಗ್ರಹದಲ್ಲಿ ಇರಿಸಿದ್ದಲ್ಲಿ ಫೋನ್ ಅಳಿದಾಗ ಅದೂ ಅಳಿಯುತ್ತದೆ.

ಛಾಯಾಚಿತ್ರ ಮತ್ತು ದಾಖಲೆಗಳನ್ನು ಯುಎಸ್‌ಬಿ ತಂತಿಯ ಮೂಲಕ ಗಣಕಯಂತ್ರಕ್ಕೆ ನಕಲಿಸಿ, ನಾಲ್ಕಾರು ಕಡತಗಳನ್ನಾದರೂ ಅಲ್ಲಿಯೇ ತೆರೆದು ನೋಡಬೇಕು. ನಕಲು ಪೂರ್ಣವಾಗದೆ ಶೂನ್ಯ ಗಾತ್ರದ ಕಡತಗಳು ಉಳಿದಿರುವುದು ಸಾಮಾನ್ಯ. ಸಂಪರ್ಕಗಳನ್ನು ವಿಸಿಎಫ್ ಕಡತವಾಗಿ ರಫ್ತು ಮಾಡಿಕೊಳ್ಳಬಹುದು. ವಾಟ್ಸ್ಆ್ಯಪ್ ಸಂಭಾಷಣೆಗಳನ್ನು ಅದರೊಳಗಿನ ಬ್ಯಾಕಪ್ ಸೌಲಭ್ಯದಿಂದ ಉಳಿಸಿ, 'ಡೇಟಾಬೇಸಸ್' ಕಡತಕೋಶವನ್ನೂ ಗಣಕಯಂತ್ರಕ್ಕೆ ನಕಲಿಸುವುದು ಒಳ್ಳೆಯದು. ಅನ್ವಯ ತಂತ್ರಾಂಶಗಳ ಒಳದತ್ತಾಂಶಕ್ಕೆ ರೂಟ್ ಅಧಿಕಾರ ಬಳಸುವ ನಿಯೋ ಬ್ಯಾಕಪ್‌ನಂತಹ ತಂತ್ರಾಂಶಗಳಿವೆ. ಆದರೆ ಯಂತ್ರಾಂಶದ ಕೀಲಿಗೆ ಬೆಸೆದುಕೊಂಡ ಬ್ಯಾಂಕಿಂಗ್ ಮುಂತಾದ ತಂತ್ರಾಂಶಗಳ ದತ್ತಾಂಶವು ಹೀಗೆ ಮರಳಿ ಬರುವುದಿಲ್ಲ. ಯುಪಿಐ ಸೇವೆಯನ್ನು ಸಿಮ್ ಸಹಾಯದಿಂದ ಹೊಸದಾಗಿ ನೋಂದಾಯಿಸಬೇಕಾಗುತ್ತದೆ. ಡಿಜಿಲಾಕರ್‌ನಲ್ಲಿ ಇಲಾಖೆಗಳು ನೀಡಿದ ದಾಖಲೆಗಳು ಸರ್ವರ್‌ನಲ್ಲಿರುವುದರಿಂದ ಅವುಗಳಿಗೆ ಅಪಾಯವಿಲ್ಲ.

ಎರಡು ವಿಷಯಗಳನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ಎರಡು ಹಂತದ ಪ್ರವೇಶಕ್ಕೆ ಸಂಕೇತಾಂಕ ನೀಡುವ ಅಥೆಂಟಿಕೇಟರ್ ತಂತ್ರಾಂಶವು ಅವುಗಳಲ್ಲಿ ಒಂದು. ಗೂಗಲ್‌ನ ಅಥೆಂಟಿಕೇಟರ್‌ಗೆ ಖಾತೆಯೊಂದಿಗೆ ಹೊಂದಾಣಿಕೆಯ ಸೌಲಭ್ಯ ಬಂದದ್ದು 2023ರಲ್ಲಿ. ಅದನ್ನು ಚಾಲೂ ಮಾಡದವರು ಫೋನ್ ಅಳಿದಲ್ಲಿ ತಮ್ಮ ಖಾತೆಗಳಿಂದಲೇ ಹೊರಗುಳಿಯುತ್ತಾರೆ. ಮತ್ತೊಂದು, ಮೆಮೊರಿ ಕಾರ್ಡ್. 2015ರ ಆಂಡ್ರಾಯ್ಡ್ 6.0 ಆವೃತ್ತಿಯಿಂದ ಕಾರ್ಡನ್ನು ಆಂತರಿಕ ಸಂಗ್ರಹದ ಭಾಗವಾಗಿ ಸೇರಿಸಿಕೊಳ್ಳುವ ಅವಕಾಶವಿದೆ. ಹಾಗೆ ಸೇರಿಸಿದ ಕಾರ್ಡ್ ಗೂಢಲಿಪಿಯಲ್ಲಿದ್ದು, ಅದರ ಕೀಲಿ ಫೋನಿನಲ್ಲಿರುತ್ತದೆ. ಫೋನ್ ಅಳಿದರೆ ಕಾರ್ಡ್ ಕೈಯಲ್ಲಿದ್ದೂ ಓದಲಾಗದು.

ಬ್ಯಾಟರಿಯು ಅರ್ಧಕ್ಕಿಂತ ಹೆಚ್ಚು ತುಂಬಿರಬೇಕು. ಮ್ಯಾಜಿಸ್ಕ್‌ನ ಮಾಡ್ಯೂಲ್‌ಗಳನ್ನು ಪರಿಷ್ಕರಣೆಗೆ ಮುನ್ನ ನಿಷ್ಕ್ರಿಯಗೊಳಿಸತಕ್ಕದ್ದು. ಡೆವಲಪರ್ ಆಯ್ಕೆಗಳಲ್ಲಿ ತಾನಾಗಿ ನಡೆಯುವ ಸಿಸ್ಟಂ ಪರಿಷ್ಕರಣೆಯನ್ನು ರೂಟ್ ಮಾಡಿದ ದಿನದಿಂದಲೇ ನಿಲ್ಲಿಸಿರುವುದು ಲೇಸು.

ಪರಿಷ್ಕರಣೆಯ ಕ್ರಮ

ಎ ಮತ್ತು ಬಿ ವಿಭಾಗಗಳುಳ್ಳ ಫೋನ್‌ಗಳಲ್ಲಿ ಗಣಕಯಂತ್ರದ ನೆರವಿಲ್ಲದೆ ಪರಿಷ್ಕರಿಸಬಹುದು. ಮ್ಯಾಜಿಸ್ಕ್ ತಂತ್ರಾಂಶದಲ್ಲಿ 'ಅನ್ಇನ್‌ಸ್ಟಾಲ್' ಆಯ್ಕೆಯೊಳಗಿನ 'ರಿಸ್ಟೋರ್ ಇಮೇಜಸ್' ಅನ್ನು ಒತ್ತಿದಾಗ ಮೂಲ ಬೂಟ್ ಚಿತ್ರಿಕೆಯು ತನ್ನ ಸ್ಥಾನಕ್ಕೆ ಮರಳುತ್ತದೆ. ಈ ಹಂತದಲ್ಲಿ ಫೋನನ್ನು ಮರುಚಾಲನೆ ಮಾಡಬಾರದು. ಬಳಿಕ ಫೋನಿನ ಸೆಟ್ಟಿಂಗ್ಸ್‌ನಿಂದ ಪರಿಷ್ಕರಣೆಯನ್ನು ಆರಂಭಿಸಬೇಕು. ಅದು ಮುಗಿದು ಮರುಚಾಲನೆ ಕೇಳಿದಾಗಲೂ ಒಪ್ಪದೆ, ಮ್ಯಾಜಿಸ್ಕ್‌ಗೆ ಹಿಂದಿರುಗಿ ನಿಷ್ಕ್ರಿಯ ವಿಭಾಗದಲ್ಲಿ ಸ್ಥಾಪಿಸುವ ಆಯ್ಕೆಯನ್ನು ಆರಿಸಬೇಕು. ಅನಂತರ ಮ್ಯಾಜಿಸ್ಕ್‌ನಿಂದಲೇ ಮರುಚಾಲನೆ ಮಾಡಿದಲ್ಲಿ ಹೊಸ ಆವೃತ್ತಿ, ರೂಟ್ ಮತ್ತು ದತ್ತಾಂಶ ಮೂರೂ ಉಳಿಯುತ್ತವೆ. ಸಿಸ್ಟಂ ವಿಭಾಗವನ್ನೂ ಎಂದಾದರೂ ತಿದ್ದಿದ್ದಲ್ಲಿ ಈ ದಾರಿ ಫಲಿಸದು.

ಪಿಕ್ಸೆಲ್ ಫೋನ್‌ಗಳಿಗೆ ಇದಕ್ಕಿಂತಲೂ ನಿರಾಪದವಾದ ದಾರಿಯಿದೆ. ಗೂಗಲ್ ಸಂಸ್ಥೆಯು ಪ್ರತಿ ಆವೃತ್ತಿಗೂ ಪೂರ್ಣ ಓಟಿಎ ಕಡತವನ್ನು ಒದಗಿಸುತ್ತದೆ. ರಿಕವರಿ ಪರದೆಯಿಂದ ಎಡಿಬಿ ಸೈಡ್‌ಲೋಡ್ ಮೂಲಕ ಇದನ್ನು ಸೇರಿಸಿದಾಗ ದತ್ತಾಂಶ ಅಳಿಯುವುದಿಲ್ಲ. ಇದು ಹಳೆಯ ಆವೃತ್ತಿಯ ಸ್ಥಿತಿಯನ್ನು ಅವಲಂಬಿಸಿಲ್ಲದ ಕಾರಣ ಮಾರ್ಪಡಿಸಿದ ಬೂಟ್ ಚಿತ್ರಿಕೆಯೂ ಅಡ್ಡಿಯಾಗದು. ರೂಟ್ ಮಾತ್ರ ಹೋಗುತ್ತದೆ. ಹೊಸ ಆವೃತ್ತಿಯ ಬೂಟ್ ಚಿತ್ರಿಕೆಯನ್ನು ಮ್ಯಾಜಿಸ್ಕ್‌ನಲ್ಲಿ ಮಾರ್ಪಡಿಸಿ ಫಾಸ್ಟ್‌ಬೂಟ್ ಮೂಲಕ ಬರೆದಲ್ಲಿ ಅದೂ ಮರಳುತ್ತದೆ. ಪಿಕ್ಸೆಲ್ 7ರಂತೆ ಆಂಡ್ರಾಯ್ಡ್ 13ರೊಂದಿಗೆ ಮಾರುಕಟ್ಟೆಗೆ ಬಂದ ಫೋನ್‌ಗಳಲ್ಲಿ ಮಾರ್ಪಡಿಸಬೇಕಾದುದು 'ಬೂಟ್' ಅಲ್ಲ, 'ಇನಿಟ್_ಬೂಟ್' ಚಿತ್ರಿಕೆ.

ಗೂಗಲ್ ಒದಗಿಸುವ ಇನ್ನೊಂದು ಕಡತಸಮೂಹವಾದ ಫ್ಯಾಕ್ಟರಿ ಇಮೇಜ್ ಅನ್ನು ಬಳಸುವವರು ಅದರೊಳಗಿನ 'ಫ್ಲ್ಯಾಶ್-ಆಲ್' ಕಡತವನ್ನು ಮೊದಲು ಪಠ್ಯ ಸಂಪಾದಕದಲ್ಲಿ ತೆರೆಯತಕ್ಕದ್ದು. ಕೊನೆಯ ಆದೇಶದಲ್ಲಿ ಕಿರುಗೆರೆಯೊಂದಿಗೆ ಇಂಗ್ಲಿಷಿನ ಚಿಕ್ಕ 'ಡಬ್ಲ್ಯು' ಅಕ್ಷರವಿರುತ್ತದೆ. ದತ್ತಾಂಶವನ್ನು ಅಳಿಸುವ ಆಜ್ಞೆ ಅದೇ. ಆ ಎರಡು ಚಿಹ್ನೆಗಳನ್ನು ತೆಗೆದು ಕಡತವನ್ನು ಉಳಿಸಿದ ಬಳಿಕ ಚಲಾಯಿಸಿದಲ್ಲಿ ದತ್ತಾಂಶ ಉಳಿಯುತ್ತದೆ. ವರ್ಷಗಟ್ಟಲೆಯ ಛಾಯಾಚಿತ್ರಗಳ ಅಳಿವು ಉಳಿವು ಒಂದು ಅಕ್ಷರದಲ್ಲಿ ನಿಂತಿದೆ ಎಂಬುದು ವಿಚಿತ್ರವಾದರೂ ನಿಜ.

ರೂಟ್ ಮಾಡಿದ ಸ್ಯಾಮ್‌ಸಂಗ್ ಫೋನ್‌ಗಳಿಗೆ ಅಂತರ್ಜಾಲದ ಮೂಲಕ ಪರಿಷ್ಕರಣೆ ಬರುವುದಿಲ್ಲ. ಓಡಿನ್ ಎಂಬ ತಂತ್ರಾಂಶದಿಂದ ಪೂರ್ಣ ಫರ್ಮ್‌ವೇರ್ ಬರೆಯಬೇಕು. ಇದರಲ್ಲಿ ಬಿಎಲ್, ಎಪಿ, ಸಿಪಿ ಎಂಬ ಕಡತಗಳೊಂದಿಗೆ ಸಿಎಸ್‌ಸಿ ಮತ್ತು ಹೋಮ್_ಸಿಎಸ್‌ಸಿ ಎಂಬ ಎರಡು ಕಡತಗಳಿರುತ್ತವೆ, ಇವುಗಳಲ್ಲಿ ಒಂದನ್ನು ಮಾತ್ರ ಆರಿಸಬೇಕು. ಸಿಎಸ್‌ಸಿ ದತ್ತಾಂಶವನ್ನು ಅಳಿಸುತ್ತದೆ, ಹೋಮ್_ಸಿಎಸ್‌ಸಿ ಉಳಿಸುತ್ತದೆ. ಓಡಿನ್‌ನ ಪರದೆಯಲ್ಲಿ ಗುಂಡಿಯ ಹೆಸರು 'ಸಿಎಸ್‌ಸಿ' ಎಂದಷ್ಟೇ ಇರುವುದರಿಂದ ಅದೇ ಹೆಸರಿನ ಕಡತವನ್ನು ಆರಿಸಿ ಮೋಸಹೋಗುವವರೇ ಹೆಚ್ಚು. ರೂಟ್ ಉಳಿಸಿಕೊಳ್ಳಬೇಕಾದಲ್ಲಿ ಎಪಿ ಕಡತವನ್ನು ಪೂರ್ಣವಾಗಿ ಮ್ಯಾಜಿಸ್ಕ್‌ನಲ್ಲಿ ಮಾರ್ಪಡಿಸಿ ಬಳಸಬೇಕು. ಫರ್ಮ್‌ವೇರ್ ಅದೇ ಮಾದರಿ ಸಂಖ್ಯೆ ಮತ್ತು ಅದೇ ಪ್ರದೇಶದ್ದಾಗಿರಬೇಕು. ಭಾರತದ ಸಂಕೇತ ಐಎನ್ಎಸ್.

ಶಿಯೋಮಿ ಫೋನ್‌ಗಳಿಗೆ ಬಳಸುವ ಮಿ ಫ್ಲ್ಯಾಶ್ ತಂತ್ರಾಂಶದ ಕೆಳಭಾಗದಲ್ಲಿ ಮೂರು ಆಯ್ಕೆಗಳಿವೆ. ಎಲ್ಲವನ್ನೂ ಅಳಿಸಿ ಬೀಗ ಹಾಕುವ ಆಯ್ಕೆಯು ಹಲವು ಆವೃತ್ತಿಗಳಲ್ಲಿ ಮೊದಲೇ ಗುರುತಾಗಿರುತ್ತದೆ. ಅದನ್ನು ಬದಲಿಸಿ, ಬಳಕೆದಾರರ ದತ್ತಾಂಶವನ್ನು ಉಳಿಸುವ ಆಯ್ಕೆಯನ್ನು ಗುರುತಿಸಿದ ಮೇಲೆಯೇ ಮುಂದುವರಿಯತಕ್ಕದ್ದು.

ಪರಿಷ್ಕರಣೆಯ ನಂತರ ಫೋನ್ ಚಾಲೂ ಆಗದಿದ್ದಲ್ಲಿ

ತಯಾರಕರ ಲಾಂಛನದಲ್ಲಿಯೇ ಫೋನ್ ನಿಂತುಹೋದಲ್ಲಿ ಅಥವಾ ಮತ್ತೆ ಮತ್ತೆ ಮರುಚಾಲನೆಯಾಗುತ್ತಿದ್ದಲ್ಲಿ ದತ್ತಾಂಶ ನಾಶವಾಗಿದೆ ಎಂದು ತೀರ್ಮಾನಿಸಬಾರದು. ದತ್ತಾಂಶವು ಕೆಟ್ಟಿರಬಹುದು ಎಂಬ ಸಂದೇಶದೊಂದಿಗೆ ಫ್ಯಾಕ್ಟರಿ ರೀಸೆಟ್ ಮಾಡುವಂತೆ ಸೂಚಿಸುವ ಪರದೆಯು ಕಾಣಿಸಬಹುದು. ಆ ಪರದೆಯಲ್ಲಿ ರೀಸೆಟ್ ಅನ್ನು ಒತ್ತತಕ್ಕದ್ದಲ್ಲ. ಒತ್ತುವವರೆಗೆ ದತ್ತಾಂಶವು ಸಾಮಾನ್ಯವಾಗಿ ಇದ್ದಲ್ಲಿಯೇ ಇರುತ್ತದೆ.

ಕಾರಣವು ಬಹುತೇಕ ಹೊಂದಿಕೆಯಾಗದ ಮಾಡ್ಯೂಲ್ ಅಥವಾ ಬೇರೆ ಆವೃತ್ತಿಯ ಬೂಟ್ ಚಿತ್ರಿಕೆಯಾಗಿರುತ್ತದೆ. ಫೋನನ್ನು ಸೇಫ್ ಮೋಡ್‌ನಲ್ಲಿ ಚಾಲೂ ಮಾಡಿದಾಗ ಮ್ಯಾಜಿಸ್ಕ್‌ನ ಎಲ್ಲ ಮಾಡ್ಯೂಲ್‌ಗಳು ನಿಷ್ಕ್ರಿಯವಾಗುತ್ತವೆ; ಬಳಿಕ ಸಾಮಾನ್ಯ ರೀತಿಯಲ್ಲಿ ಮರುಚಾಲನೆ ಮಾಡಬಹುದು. ಅದೂ ಸಾಧ್ಯವಾಗದಿದ್ದಲ್ಲಿ, ಈಗ ಫೋನಿನಲ್ಲಿರುವ ಆವೃತ್ತಿಯದೇ ಆದ, ಮಾರ್ಪಡಿಸದ ಬೂಟ್ ಚಿತ್ರಿಕೆಯನ್ನು ಮರಳಿ ಬರೆಯಬೇಕು. ರೂಟ್ ಹೋಗಿ ಫೋನ್ ದತ್ತಾಂಶಸಹಿತ ಚಾಲೂ ಆಗುತ್ತದೆ. ಆದ್ದರಿಂದ ಹೊಸ ಆವೃತ್ತಿಯ ಮೂಲ ಬೂಟ್ ಚಿತ್ರಿಕೆಯನ್ನು ಪರಿಷ್ಕರಣೆಗೆ ಮುನ್ನವೇ ಗಣಕಯಂತ್ರದಲ್ಲಿ ಇರಿಸಿಕೊಂಡಿರಬೇಕು.

ಫೋನನ್ನು ದುರಸ್ತಿ ಅಂಗಡಿಗೆ ಒಪ್ಪಿಸುವವರು ದತ್ತಾಂಶ ಉಳಿಯಬೇಕೆಂಬುದನ್ನು ಕೆಲಸ ಆರಂಭವಾಗುವ ಮೊದಲೇ ಸ್ಪಷ್ಟವಾಗಿ ತಿಳಿಸಿ, ರಸೀದಿಯಲ್ಲಿ ಬರೆಸಿಕೊಳ್ಳುವುದು ಸೂಕ್ತ. ಅಂಗಡಿಯವರಿಗೆ ಫೋನ್ ಚಾಲೂ ಆದರೆ ಕೆಲಸ ಮುಗಿದಂತೆ. ಎಲ್ಲವನ್ನೂ ಅಳಿಸಿ ಹೊಸದಾಗಿ ಬರೆಯುವುದು ಅವರಿಗೆ ಹತ್ತು ನಿಮಿಷದ ಕೆಲಸವಾಗಿರುವುದರಿಂದ, ಕೇಳದಿದ್ದಲ್ಲಿ ಅದನ್ನೇ ಮಾಡುವ ಸಂಭವ ಹೆಚ್ಚು.