ಕುಡಿತ ಬಿಟ್ಟ ಮೇಲಿನ ದಿನಗಳು

ಕೇರಳದಲ್ಲಿ ನೆಲೆಸಿದ ನಮ್ಮ ಕನ್ನಡಿಗರ ಮನೆಗಳಲ್ಲಿ ಮಧುಮೇಹದ ಮಾತು ಊಟದ ಎಲೆಯ ಮುಂದೆಯೇ ನಡೆಯುತ್ತದೆ. ಕುಡಿತದ ಮಾತು ಮಾತ್ರ ಅಡುಗೆಮನೆಯ ಬಾಗಿಲ ಹಿಂದೆ, ಅದೂ ಪಿಸುದನಿಯಲ್ಲಿ. ಈ ಮುಚ್ಚುಮರೆಯೇ ರೋಗಿಯನ್ನು ಹಲವು ವರ್ಷ ವೈದ್ಯನಿಂದ ದೂರವಿರಿಸುತ್ತದೆ.

ರೋಗಿ ಎಂದೆ, ಪಾಪಿ ಎನ್ನಲಿಲ್ಲ. ನಿತ್ಯವೂ ಮದ್ಯ ಸೇವಿಸುವವನ ಮಿದುಳು ಕ್ರಮೇಣ ಅದಕ್ಕೆ ಒಗ್ಗಿಹೋಗುತ್ತದೆ. ಒಂದು ಲೋಟದ ಸುಖಕ್ಕೆ ಮೂರು ಬೇಕಾಗುತ್ತವೆ. ಕಡೆಗೆ ಸುಖಕ್ಕಲ್ಲ, ಬೆಳಗಿನ ಕೈನಡುಕ ನಿಲ್ಲಲೆಂದೇ ಕುಡಿಯಬೇಕಾಗುತ್ತದೆ. ಶಬರಿಮಲೆಯ ಮಾಲೆ ಧರಿಸಿದ ದಿನವೇ ಕುಡಿತ ನಿಲ್ಲಿಸುವವರುಂಟು. ಸಂಕಲ್ಪ ಶ್ಲಾಘ್ಯವಾದುದೇ. ಆದರೆ ಬಹುಕಾಲ ವಿಪರೀತ ಕುಡಿದವರು ಹೀಗೆ ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಫಿಟ್ಸ್, ಚಿತ್ತಭ್ರಮೆಗಳು ತಲೆದೋರಿ ಪ್ರಾಣಕ್ಕೆ ಎರವಾಗಬಹುದು. ಮೊದಲು ವೈದ್ಯರನ್ನು ಕಾಣುವುದು ವ್ರತಭಂಗವಲ್ಲ.

ಕೇರಳ ಸರ್ಕಾರವು 1996ರಲ್ಲಿ ಸಾರಾಯಿಯನ್ನು ನಿಷೇಧಿಸಿತು, ಕರ್ನಾಟಕವು 2007ರಲ್ಲಿ. ಆದರೂ 2000ದಲ್ಲಿ ಕೊಲ್ಲಂ ಜಿಲ್ಲೆಯ ಕಲ್ಲುವಾದುಕ್ಕಲ್‌ನಲ್ಲಿ ಕಳ್ಳಭಟ್ಟಿಯಿಂದ ಮೂವತ್ತಕ್ಕೂ ಹೆಚ್ಚು ಮಂದಿ ಸತ್ತರು. ಅಂಗಡಿ ಮುಚ್ಚಿದ ಮಾತ್ರಕ್ಕೆ ರೋಗ ವಾಸಿಯಾಗದು. ಅಬಕಾರಿ ಇಲಾಖೆಯು 2016ರಲ್ಲಿ ಆರಂಭಿಸಿದ 'ವಿಮುಕ್ತಿ' ಯೋಜನೆಯಲ್ಲಿ ಚಿಕಿತ್ಸೆಗೂ ಸ್ಥಾನ ದೊರೆತುದು ಸಮಾಧಾನದ ಸಂಗತಿ. 14416 ಎಂಬ ಟೆಲಿ-ಮಾನಸ್ ದೂರವಾಣಿಯಲ್ಲಿ ಉಚಿತವಾಗಿ ಸಲಹೆ ಪಡೆಯಬಹುದು.

ಗೃಹಿಣಿಯರಲ್ಲಿ ಒಂದು ವಿನಂತಿ. ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ಗಂಡನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಬೇಡಿರಿ. ಅದರ ಮೇಲೆ ಕುಡಿದರೆ ವಾಂತಿ, ಎದೆಬಡಿತ, ರಕ್ತದೊತ್ತಡದ ಕುಸಿತ ಉಂಟಾಗಿ ಜೀವಕ್ಕೇ ಅಪಾಯ. ರೋಗಿಯ ಒಪ್ಪಿಗೆಯಿಂದ, ವೈದ್ಯರ ಸಲಹೆಯಂತೆ ಕೊಟ್ಟರೆ ಮಾತ್ರ ಅದು ಔಷಧ.

ಆಸ್ಪತ್ರೆಯ ಕೆಲವು ವಾರಗಳು ಸುಲಭ. ಮನೆಗೆ ಬಂದ ಮೇಲಿನ ಸಂಜೆಗಳು ಕಷ್ಟ. ನನ್ನ ಪರಿಚಯದ ಅಡುಗೆಭಟ್ಟರೊಬ್ಬರು, ಉಡುಪಿಯ ಕಡೆಯವರು, ಕೊಚ್ಚಿಯ ಹೋಟೆಲಿನಲ್ಲಿದ್ದವರು, ಹದಿನಾಲ್ಕು ತಿಂಗಳು ಬಿಟ್ಟಿದ್ದು ಊರಿನ ಮದುವೆಯೊಂದರಲ್ಲಿ ಮತ್ತೆ ಕುಡಿದರು. "ಎಲ್ಲ ಹೋಯಿತು ಮಾರಾಯ್ರೆ" ಎಂದು ಅತ್ತರು. ಹೋಗಿರಲಿಲ್ಲ. ಮರುಕಳಿಸುವುದು ಈ ರೋಗದ ಗುಣ. ಸಕ್ಕರೆ ಏರಿದವನಂತೆ ಅವರೂ ಮತ್ತೆ ಚಿಕಿತ್ಸೆಗೆ ಹೋದರು. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಮದ್ಯವ್ಯಸನಿಗಳು ಹುಟ್ಟುಹಾಕಿದ 'ಆಲ್ಕೊಹಾಲಿಕ್ಸ್ ಅನಾನಿಮಸ್' ಕೂಟಕ್ಕೂ ಸೇರಿದರು. ಅಲ್ಲಿ ಶುಲ್ಕವಿಲ್ಲ, ಹೆಸರು ಹೊರಬೀಳುವುದಿಲ್ಲ. ಅವರ ಮಲಯಾಳ ಹರಕುಮುರುಕು. ಆದರೂ ಅರ್ಥವಾಗದವರು ಅಲ್ಲಿ ಯಾರೂ ಇರಲಿಲ್ಲವಂತೆ.

ಈಗ ತಿರುವನಂತಪುರದಲ್ಲಿ ಮಗಳ ಮನೆಯಲ್ಲಿದ್ದಾರೆ. ಕುಡಿತ ಬಿಟ್ಟು ಹನ್ನೊಂದು ವರ್ಷ. ಸಂಜೆ ಆರಕ್ಕೆ ಇಂದಿಗೂ ದೋಸೆಹಿಟ್ಟು ಅವರೇ ರುಬ್ಬುತ್ತಾರೆ. ಆ ಹೊತ್ತಿಗೆ ಕೈಗೆ ಕೆಲಸ ಬೇಕು ಎನ್ನುತ್ತಾರೆ.