ಯಾವ ಬಾಗಿಲಿಗೆ ಯಾವ ಹಕ್ಕು?

ಜಮಖಂಡಿಯಲ್ಲಾಗಲಿ ಬನಹಟ್ಟಿಯಲ್ಲಾಗಲಿ, ಸರಕಾರಿ ಯೋಜನೆಗಳ ಮಾತು ತೆಗೆದರೆ ಒಂದು ಪ್ರಶ್ನೆ ಬಂದೇ ಬರುತ್ತದೆ: “ಹುಟ್ಟಿದಾಗಿಂದ ನಾವು ಇಲ್ಲೇ ಅದೇವ್ರಿ. ನಮಗ ಇಲ್ಲದ್ದು ಗಡಿ ದಾಟಿ ಕದ್ದು ಬಂದವರಿಗೆ ಯಾಕ ಸಿಗಬೇಕು?” ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಒಂದು ಪ್ರಶ್ನೆಯೊಳಗೆ ಹಲವು ಪ್ರಶ್ನೆಗಳು ಗಂಟು ಬಿದ್ದಿವೆ. ಗಂಟು ಬಿಡಿಸದೆ ಕೈ ಎತ್ತಿದರೆ ಏಟು ಬೇರೆಯವರ ಬೆನ್ನಿಗೆ ಬೀಳುತ್ತದೆ.

ಕಾನೂನಿನ ಮಾತು, ಚುಟುಕಾಗಿ

1955ರ ಪೌರತ್ವ ಕಾಯ್ದೆಗೆ 2003ರ ತಿದ್ದುಪಡಿ ಅಕ್ರಮ ವಲಸಿಗನ ವ್ಯಾಖ್ಯೆಯನ್ನು ಸೇರಿಸಿತು. ಸರಿಯಾದ ಪಾಸ್‌ಪೋರ್ಟ್, ಪ್ರಯಾಣಪತ್ರಗಳಿಲ್ಲದೆ ಒಳಬಂದ ವಿದೇಶಿ, ಅಥವಾ ಒಪ್ಪಿಗೆಯ ಅವಧಿ ಮುಗಿದ ಮೇಲೂ ಉಳಿದವನು ಅಕ್ರಮ ವಲಸಿಗ. ಸಂವಿಧಾನದ 14 ಮತ್ತು 21ನೇ ವಿಧಿಗಳ ರಕ್ಷಣೆ ಈ ನೆಲದ ಮೇಲಿರುವ ಎಲ್ಲ ವ್ಯಕ್ತಿಗಳಿಗೂ ಇದೆ. 19ನೇ ವಿಧಿಯ ಸ್ವಾತಂತ್ರ್ಯಗಳು, 326ನೇ ವಿಧಿಯ ಮತದಾನ ನಾಗರಿಕರಿಗೆ ಮಾತ್ರ. ಜೀವಕ್ಕೆ ರಕ್ಷಣೆ ಎಲ್ಲರಿಗೆ, ಆಳ್ವಿಕೆಯಲ್ಲಿ ಪಾಲು ನಾಗರಿಕರಿಗೆ. ಪಡಿತರ, ಪಿಂಚಣಿ, ನಗದು ನೆರವು ಇವೆರಡರ ನಡುವೆ ಬರುತ್ತವೆ, ಜಗಳವೆಲ್ಲ ಅಲ್ಲೇ.

ಪರವೂರಿನವರು, ಪರದೇಶದವರು

ಜನ ಮೊದಲು ಎಡವುವುದು ಇಲ್ಲಿ. ಕಬ್ಬಿನ ಹಂಗಾಮು ಶುರುವಾದರೆ ಮುಧೋಳ, ಜಮಖಂಡಿ, ಸಮೀರವಾಡಿ ಸುತ್ತಲಿನ ಹೊಲಗಳಿಗೆ ಮಹಾರಾಷ್ಟ್ರದ ಬೀಡ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ಗಂಡ, ಹೆಂಡತಿ, ಕೂಸು ಸಮೇತ ಹೊಲದಂಚಿಗೆ ಜೋಪಡಿ ಹಾಕಿ ಮಾರ್ಚ್ ಹೊತ್ತಿಗೆ ವಾಪಸ್ಸು. “ಹೊರಗಿನವರು ನಮ್ಮ ರೇಷನ್ ಒಯ್ಯತಾರ” ಎಂಬ ಮಾತು ಇವರ ಮೇಲೂ ಬರುತ್ತದೆ. ಇವರು ನಮ್ಮ ನಿಮ್ಮಷ್ಟೇ ನಾಗರಿಕರು.

ಆ ಗ್ಯಾಂಗಿನ ಹೆಣ್ಣುಮಗಳೊಬ್ಬಳನ್ನು ನ್ಯಾಯಬೆಲೆ ಅಂಗಡಿಯವರೆಗೆ ಹಿಂಬಾಲಿಸೋಣ. ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆಗೆ 2020ರ ಜನವರಿ 1ರಂದು ಸೇರಿದ ಮೊದಲ 12 ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು, ಮಹಾರಾಷ್ಟ್ರವೂ ಇತ್ತು. ಆಕೆ ಕಾರ್ಡಿನ ನಂಬರು ಹೇಳಿ ಯಂತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಾಳೆ. ಅವಳ ಹೆಸರಿನಲ್ಲಿ ಆ ತಿಂಗಳು ಎಷ್ಟು ಬಾಕಿ ಇದೆಯೆಂದು ಯಂತ್ರ ಹೇಳುತ್ತದೆ. ಆಹಾರ ಭದ್ರತಾ ಕಾಯ್ದೆಯಡಿ ಆದ್ಯತಾ ಕುಟುಂಬದ ಒಬ್ಬರಿಗೆ 5 ಕೆ.ಜಿ. ಸಿಗುತ್ತದೆ. ಆಕೆ ತನ್ನ ಪಾಲನ್ನು ಇಲ್ಲಿ ಎತ್ತಿದರೆ, ಊರಲ್ಲಿ ಉಳಿದ ಅತ್ತೆ ತನ್ನ ಪಾಲನ್ನು ಅಲ್ಲಿ ಎತ್ತಬಹುದು. ಇಲ್ಲಿ ಎತ್ತಿದ್ದು ಅಲ್ಲಿನ ಲೆಕ್ಕದಿಂದ ಕಳೆಯುತ್ತದೆ. ಅಂದರೆ ಆಕೆ ಒಯ್ದದ್ದು ಮುಧೋಳದವರ ಪಾಲನ್ನಲ್ಲ, ಕೇಂದ್ರ ತನಗೆ ಕೊಟ್ಟ ಪಾಲನ್ನು. ಅನ್ನಭಾಗ್ಯದಲ್ಲಿ ನಮ್ಮ ರಾಜ್ಯ ಮೇಲೆ ಸೇರಿಸಿ ಕೊಡುವುದು ಅವಳಿಗೆ ಸಿಗುವುದಿಲ್ಲ.

ಅದೇ ಹೆಣ್ಣುಮಗಳು ಸಂತೆಗೆಂದು ಜಮಖಂಡಿ ಬಸ್ ಹತ್ತಿದರೆ ಟಿಕೆಟಿಗೆ ರೊಕ್ಕ ಕೊಡಬೇಕು. 2023ರ ಜೂನ್ 11ರಂದು ಶುರುವಾದ, ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಕರ್ನಾಟಕದ ಮಹಿಳೆಯರಿಗೆ ಮಾತ್ರ. ಪಕ್ಕದಲ್ಲಿ ಕುಳಿತ ಬೀಳಗಿಯ ಹೆಂಗಸಿಗೆ ಶೂನ್ಯ ಟಿಕೆಟ್, ಇವಳಿಗೆ ಪೂರ್ತಿ ದರ. ಒಬ್ಬಳೇ ವ್ಯಕ್ತಿ, ಒಂದು ಬಾಗಿಲಲ್ಲಿ ಒಳಗೆ, ಇನ್ನೊಂದರಲ್ಲಿ ಹೊರಗೆ. ಪ್ರತಿ ಯೋಜನೆಯ ಬಾಗಿಲಿಗೂ ಬೇರೆ ಬೇರೆ ಅಳತೆ ಇದೆ ಎಂಬುದು ಇಷ್ಟರಿಂದಲೇ ತಿಳಿಯುತ್ತದೆ.

ಕಾರ್ಡಿದ್ದರೆ ನಾಗರಿಕನೇ?

“ಆಧಾರ್ ಐತಿ, ರೇಷನ್ ಕಾರ್ಡ್ ಐತಿ, ಇನ್ನೇನ ಬೇಕ್ರಿ?” ಎರಡನೆಯ ಎಡವಟ್ಟು ಇದು. ಆಧಾರ್ ಕೊಡುವುದು ನಿವಾಸಿಗೆ; ಅರ್ಜಿಯ ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿದ್ದರೆ ಆತ ನಿವಾಸಿ. ಆಧಾರ್ ಪೌರತ್ವದ ಪುರಾವೆಯಲ್ಲ ಎಂದು 2016ರ ಆಧಾರ್ ಕಾಯ್ದೆಯ 9ನೇ ಕಲಮೇ ಹೇಳುತ್ತದೆ. ಪಡಿತರ ಚೀಟಿಯನ್ನು ಗುರುತಿನ ದಾಖಲೆಯಾಗಿ ಬಳಸಬಾರದೆಂದು 2015ರ ಕೇಂದ್ರದ ಪಡಿತರ ಆದೇಶವೇ ಹೇಳಿದೆ.

ಹಾಗಾದರೆ ನಾಗರಿಕನ ಕೈಯಲ್ಲಿ ಏನಿರುತ್ತದೆ? ಬಹುತೇಕ ಏನೂ ಇರುವುದಿಲ್ಲ. ನಮ್ಮ ಹಿರಿಯರನ್ನೇ ನೋಡಿ. 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರುವ ತನಕ ಜಮಖಂಡಿಯವರು ಪಟವರ್ಧನರ ಪ್ರಜೆಗಳು, ಮುಧೋಳದವರು ಘೋರ್ಪಡೆಯವರ ಪ್ರಜೆಗಳು. ಪೌರತ್ವದ ವಿಧಿಗಳು 1949ರ ನವೆಂಬರ್ 26ರಂದು, ಸಂವಿಧಾನದ ಬಹುಭಾಗಕ್ಕಿಂತ ಮೊದಲೇ, ಜಾರಿಗೆ ಬಂದವು. ಅಂದು ಹೊಲದಲ್ಲಿ ರಂಟೆ ಹೊಡೆಯುತ್ತಿದ್ದ ಅಜ್ಜ ಅರ್ಜಿ ಹಾಕದೆ, ಕಾಗದ ಪಡೆಯದೆ ಭಾರತದ ನಾಗರಿಕನಾದ. ಬೀಳಗಿ ತಾಲ್ಲೂಕಿನಲ್ಲಿ ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟವರ ಹಳೆಯ ದಾಖಲೆಯಲ್ಲಿ ಮುಳುಗಿದ ಹಳ್ಳಿಯ ಹೆಸರು, ಹೊಸ ಕಾರ್ಡಿನಲ್ಲಿ ಪುನರ್ವಸತಿ ಕೇಂದ್ರದ ಹೆಸರು. ತಪಾಸಣೆ ಬಿಗಿಯಾದಷ್ಟೂ ನುಸುಳುಕೋರನಿಗಿಂತ ಮೊದಲು ತೊಂದರೆಗೆ ಸಿಗುವವರು ಇಂಥವರೇ.

ದೂರಿನಲ್ಲಿ ನಿಜವೂ ಇದೆ

ಹಾಗೆಂದು ದೂರನ್ನು ತಳ್ಳಿಹಾಕುವಂತಿಲ್ಲ. ಪಡಿತರದ ಪಟ್ಟಿಗೆ ಮಿತಿ ಇದೆ. 2013ರ ಆಹಾರ ಭದ್ರತಾ ಕಾಯ್ದೆ ಗ್ರಾಮೀಣ ಜನಸಂಖ್ಯೆಯ ಶೇ. 75, ನಗರದ ಶೇ. 50ರವರೆಗೆ ಮಾತ್ರ ಒಳಗೊಳ್ಳುತ್ತದೆ. ಅದೂ ಪ್ರಕಟವಾದ ಜನಗಣತಿಯ ಲೆಕ್ಕದಲ್ಲಿ, ಅಂದರೆ ಇನ್ನೂ 2011ರದ್ದರಲ್ಲಿ. ಸುಳ್ಳು ದಾಖಲೆಯಿಂದ ಒಬ್ಬ ಒಳಗೆ ಬಂದರೆ ಅರ್ಹನೊಬ್ಬ ಹೊರಗೆ ನಿಲ್ಲುತ್ತಾನೆ. ಅಕ್ರಮ ವಲಸಿಗರಿಗೆಂದೇ ನಮ್ಮಲ್ಲಿ ಯೋಜನೆಯಿಲ್ಲ. ಅವರಿಗೆ ಸಿಕ್ಕಿದ್ದರೆ ಈ ಹಿಂಬಾಗಿಲಿನಿಂದಲೇ. ಅದು ಅನ್ಯಾಯ, ತಡೆಯಬೇಕು.

ಆದರೆ ರಬಕವಿಯ ನೇಕಾರನ ಮನೆಗೆ ಬಂದ ಸೊಸೆಯ ಹೆಸರು ಕಾರ್ಡಿಗೆ ಸೇರಲು ತಡವಾದರೆ, ಬಾಂಗ್ಲಾದೇಶವನ್ನು ಬೈಯುವ ಮುನ್ನ 2011ರ ಆ ಅಂಕಿಯನ್ನೊಮ್ಮೆ ನೋಡಬೇಕು. ಮಿತಿಯನ್ನು ಮರುಲೆಕ್ಕ ಹಾಕಿ ಎಂದು ಸುಪ್ರೀಂ ಕೋರ್ಟ್ 2021ರ ಜೂನ್‌ನಲ್ಲಿ ವಲಸೆ ಕಾರ್ಮಿಕರ ಪ್ರಕರಣದಲ್ಲಿ ಕೇಂದ್ರಕ್ಕೆ ಹೇಳಿತ್ತು.

ನ್ಯಾಯದ ಅಳತೆ

ನನ್ನ ಅಭಿಪ್ರಾಯ ಇಷ್ಟು: ಸೌಲಭ್ಯ ಯಾವುದಕ್ಕಾಗಿ ಎಂದು ಮೊದಲು ಕೇಳಿ, ಆಮೇಲೆ ಯಾರಿಗೆ ಎಂದು ತೀರ್ಮಾನಿಸಬೇಕು. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಒಂದು ರಾಜ್ಯದ ಜನ ತಮ್ಮತಮ್ಮಲ್ಲಿ ಮಾಡಿಕೊಂಡ ಒಪ್ಪಂದ. ಅದನ್ನು ತಮ್ಮವರಿಗೇ ಇಟ್ಟುಕೊಂಡರೆ ತಪ್ಪಿಲ್ಲ. ಹೆರಿಗೆ ನೋವಿನಲ್ಲಿ ಆಸ್ಪತ್ರೆಗೆ ಬಂದವಳ ಪಾಸ್‌ಪೋರ್ಟ್ ಕೇಳುವುದು ತಪ್ಪು. ಮಕ್ಕಳ ಶಾಲೆಯೂ ಹಾಗೆಯೇ. ನಮ್ಮ ಸಂವಿಧಾನದ 21ಎ ವಿಧಿ 6ರಿಂದ 14 ವರ್ಷದ ಎಲ್ಲ ಮಕ್ಕಳ ಮಾತಾಡುತ್ತದೆ, ನಾಗರಿಕರ ಮಕ್ಕಳದ್ದಷ್ಟೇ ಅಲ್ಲ. ಅಮೆರಿಕದಲ್ಲಿ ಟೆಕ್ಸಾಸ್ ರಾಜ್ಯ ದಾಖಲೆಯಿಲ್ಲದ ಮಕ್ಕಳನ್ನು ಸರಕಾರಿ ಶಾಲೆಯಿಂದ ಹೊರಗಿಡಲು ಹೊರಟಾಗ 1982ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತಡೆಯಿತು. ತಂದೆತಾಯಿ ಗಡಿ ದಾಟಿದ್ದಕ್ಕೆ ಮಗುವನ್ನು ಹೊಣೆ ಮಾಡಲಾಗದು ಎಂಬುದು ಅದರ ತರ್ಕ.

ಈ ಅಧ್ಯಾಯ ಬರೀ ಹೊಸ್ತಿಲು. ಒಳಗೆ ಹೋಗಬಯಸುವವರು ಯಾವುದೇ ಯೋಜನೆಯ ಆದೇಶ ತೆಗೆದು ಅರ್ಹತೆಯ ಸಾಲನ್ನು ಓದಿ: ವ್ಯಕ್ತಿ, ನಿವಾಸಿ, ರಾಜ್ಯದವರು, ನಾಗರಿಕ, ಇವರಲ್ಲಿ ಯಾರಿಗೆಂದು ಅಲ್ಲಿ ಬರೆದಿದೆ ಎಂದು ಗುರುತು ಹಾಕಿಕೊಳ್ಳಿ. ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ನಿಮ್ಮ ತಾಲ್ಲೂಕಿನಲ್ಲಿ ರದ್ದಾದ ಕಾರ್ಡುಗಳೆಷ್ಟು, ಯಾವ ಕಾರಣಕ್ಕೆ ಎಂದು ಕೇಳಿ. ಕಟ್ಟೆಯ ಮೇಲಿನ ವಾದಕ್ಕೆ ಆಧಾರ ಬೇಕೆಂದರೆ ಈ ಲೆಕ್ಕ ಬೇಕು. ಅದನ್ನು ಕೂಡಿಸುವ ಕೆಲಸ ಊರೂರಿನ ಓದುಗರಿಂದಲೇ ಆಗಬೇಕಾಗಿದೆ.