ಕುತ್ತಿಗೆಗೂ ಇರಲಿ ಆರೈಕೆಯ ಪಾಲು

ಬೆಳಕು ಚೆನ್ನಾಗಿ ಬರುವ ಕಿಟಕಿಯ ಪಕ್ಕ ನಿಂತು, ಕೈಗನ್ನಡಿ ಹಿಡಿದು, ಗದ್ದ ಮೇಲೆತ್ತಿ ನೋಡಿ. ಗದ್ದದ ಅಡಿಯಲ್ಲೇ ತ್ರಿಕೋನದಂಥ ಒಂದು ಸಣ್ಣ ಜಾಗ ಕಾಣುತ್ತದೆ. ನಲವತ್ತೈದು ದಾಟಿದವರಲ್ಲೂ ಅಲ್ಲಿನ ಚರ್ಮ ಸಾಮಾನ್ಯವಾಗಿ ನಯವಾಗಿ, ಒಂದೇ ಬಣ್ಣದಲ್ಲಿ ಇರುತ್ತದೆ. ಅಲ್ಲಿಂದ ನಾಲ್ಕು ಬೆರಳು ಆಚೆ, ಕಿವಿಯ ಕೆಳಗಿನ ಪಕ್ಕಗಳಲ್ಲಿ ಮತ್ತು ರವಿಕೆಯ ಅಂಚಿನ ಮೇಲೆ ತೆರೆದೇ ಇರುವ ಭಾಗದಲ್ಲಿ, ಚರ್ಮ ತುಸು ಒರಟು. ಕಂದು ಚುಕ್ಕೆಗಳಿವೆ, ಸಣ್ಣ ಗೆರೆಗಳಿವೆ. ಎರಡೂ ಕಡೆಯ ಚರ್ಮದ ವಯಸ್ಸು ಒಂದೇ, ಅದಕ್ಕೆ ಸಿಕ್ಕ ಅನ್ನವೂ ರಕ್ತವೂ ಒಂದೇ. ಬಿದ್ದ ಬಿಸಿಲು ಮಾತ್ರ ಬೇರೆ. ಗದ್ದ ತನ್ನ ನೆರಳಿನಲ್ಲಿ ಅಷ್ಟು ಜಾಗವನ್ನು ವರ್ಷಗಟ್ಟಲೆ ಕಾಪಾಡಿಕೊಂಡು ಬಂದಿದೆ.

ಚರ್ಮವೈದ್ಯರಿಗೆ ಈ ನೆರಳಿನ ಗುರುತು ಹಳೆಯ ಪರಿಚಯ. ಬಿಳಿ ಚರ್ಮದ ನಡುವಯಸ್ಸಿನ ಹೆಂಗಸರ ಕತ್ತಿನ ಎರಡೂ ಪಕ್ಕ ಕೆಂಪು ಮಿಶ್ರಿತ ಕಂದು ಬಲೆಯಂತೆ ಹರಡುವ ಒಂದು ತೊಂದರೆಗೆ ಫ್ರಾನ್ಸಿನ ವೈದ್ಯ ಸಿವಾಟ್ ಅವರ ಹೆಸರೇ ಇದೆ. ಅದನ್ನು ಗುರುತಿಸುವ ಮುಖ್ಯ ಲಕ್ಷಣವೇ ಗದ್ದದ ಕೆಳಗೆ ಉಳಿದುಕೊಂಡ ಆ ಸ್ವಚ್ಛ ತ್ರಿಕೋನ. ನಮ್ಮ ಕಂದು ಚರ್ಮದಲ್ಲಿ ಮೆಲನಿನ್ ಹೆಚ್ಚು, ಹಾಗಾಗಿ ಸುಕ್ಕು ತಡವಾಗಿ ಬರುತ್ತದೆ. ಆದರೆ ಬಣ್ಣ ಕೆಡುವುದು, ಅಲ್ಲಲ್ಲಿ ಕಪ್ಪಾಗುವುದು ಮೊದಲೇ ಶುರುವಾಗುತ್ತದೆ.

ಬಿಸಿಲು ಮಾಡುವ ಹಾನಿ ಒಳಪದರದಲ್ಲಿ ನಡೆಯುತ್ತದೆ. ಅತಿನೇರಳೆ ಕಿರಣಗಳಲ್ಲಿ ಯುವಿಎ ಎಂಬ ಬಗೆ ಮೋಡವನ್ನೂ ಕಿಟಕಿ ಗಾಜನ್ನೂ ದಾಟಿ ಬಂದು ಚರ್ಮದ ಆಳಕ್ಕೆ ಇಳಿಯುತ್ತದೆ. ಅಲ್ಲಿ ಚರ್ಮಕ್ಕೆ ಗಟ್ಟಿತನ ಕೊಡುವ ಕೊಲ್ಯಾಜನ್ ನಾರನ್ನು ಕತ್ತರಿಸುವ ಕಿಣ್ವಗಳು ಎಚ್ಚರಗೊಳ್ಳುತ್ತವೆ. ಎಳೆದರೆ ಮತ್ತೆ ಮೊದಲಿನಂತಾಗುವ ಗುಣ ಕೊಡುವ ಎಲಾಸ್ಟಿನ್, ಬಿಸಿಲಿನಲ್ಲಿ ಒಣಗಿಸಿ ಒಣಗಿಸಿ ಸೊರಗಿದ ಲಂಗದ ಎಲಾಸ್ಟಿಕ್ಕಿನಂತೆ ಗಂಟುಗಂಟಾಗಿ ಕಸುವು ಕಳೆದುಕೊಳ್ಳುತ್ತದೆ. ಕುತ್ತಿಗೆಯ ಚರ್ಮ ಮುಖದ ಚರ್ಮಕ್ಕಿಂತ ತೆಳು, ಅಲ್ಲಿ ಎಣ್ಣೆಗ್ರಂಥಿಗಳೂ ಕಡಿಮೆ. ಬೇಗ ಒಣಗುತ್ತದೆ, ಉರಿ ಬಂದರೆ ಶಮನವಾಗಲು ಹೆಚ್ಚು ದಿನ ಬೇಕು.

ಇದರ ಮೇಲೆ ಮುಟ್ಟು ನಿಲ್ಲುವ ಕಾಲ ಬರುತ್ತದೆ. ಭಾರತದ ಹೆಂಗಸರಲ್ಲಿ ಸರಾಸರಿ 46-47ರ ಆಸುಪಾಸಿನಲ್ಲಿ, ಅಂದರೆ ಪಾಶ್ಚಾತ್ಯ ದೇಶಗಳಿಗಿಂತ ಕೆಲವು ವರ್ಷ ಮೊದಲೇ. ಕೊಲ್ಯಾಜನ್ ನೆಯ್ಯುವ ಕೋಶಗಳಿಗೆ ಈಸ್ಟ್ರೋಜನ್ ಬೇಕು. ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ ಚರ್ಮದ ಕೊಲ್ಯಾಜನ್ ಸುಮಾರು ಶೇ 30ರಷ್ಟು ಕಡಿಮೆಯಾಗಬಹುದು, ಆಮೇಲೆ ವರ್ಷಕ್ಕೆ ಶೇ 2ರಂತೆ ಇಳಿಯುತ್ತದೆ ಎಂಬ ಲೆಕ್ಕ 1980ರ ದಶಕದ ಸಂಶೋಧನೆಗಳಿಂದ ಬಂದದ್ದು. ಎರಡೇ ವರ್ಷದಲ್ಲಿ ಕುತ್ತಿಗೆ ಹೀಗಾಯಿತಲ್ಲ ಎಂದು ಅನೇಕರು ಗಾಬರಿಯಾಗುವುದರ ಹಿಂದೆ ಇರುವುದು ಈ ಕುಸಿತ. ಅದು ಯಾರ ಅಲಕ್ಷ್ಯದ ಫಲವೂ ಅಲ್ಲ, ನಾಚಿಕೆ ಪಡುವಂಥದ್ದೂ ಅಲ್ಲ. ಆದರೆ ಬಿಸಿಲಿನ ಪಾಲು ನಮ್ಮ ಕೈಯಲ್ಲಿದೆ.

ಎಷ್ಟರ ಮಟ್ಟಿಗೆ ಕೈಯಲ್ಲಿದೆ ಎಂಬುದಕ್ಕೆ ಆಸ್ಟ್ರೇಲಿಯಾದ ನಾಂಬೂರ್ ಎಂಬ ಊರಿನಲ್ಲಿ ನಡೆದ ಪ್ರಯೋಗ ಒಳ್ಳೆಯ ಪುರಾವೆ. 1992ರಲ್ಲಿ ಆರಂಭವಾದ ಈ ಅಧ್ಯಯನದಲ್ಲಿ ಒಂದು ಗುಂಪಿನವರು ತಲೆ, ಕುತ್ತಿಗೆ, ತೋಳು, ಕೈಗಳಿಗೆ ದಿನವೂ ಸನ್‌ಸ್ಕ್ರೀನ್ ಹಚ್ಚಬೇಕಿತ್ತು. ಇನ್ನೊಂದು ಗುಂಪಿನವರು ಮೊದಲಿನಂತೆ ತಮಗೆ ತೋಚಿದಾಗ. ಅಂಗೈಯ ಹಿಂಬದಿಯ ಚರ್ಮದ ಮೇಲೆ ಸಿಲಿಕೋನ್ ಅಚ್ಚು ತೆಗೆದು, ಗೆರೆಗಳ ಒರಟುತನಕ್ಕೆ ಅಂಕ ಕೊಟ್ಟರು. ನಾಲ್ಕೂವರೆ ವರ್ಷಗಳ ನಂತರ, ದಿನವೂ ಹಚ್ಚಿದವರಲ್ಲಿ ಚರ್ಮ ಮುಪ್ಪಾಗುವುದು ಇತರರಿಗಿಂತ ಶೇ 24ರಷ್ಟು ಕಡಿಮೆ ಇತ್ತು. 2013ರಲ್ಲಿ ಪ್ರಕಟವಾದ ಈ ಫಲಿತಾಂಶ 55 ವರ್ಷದೊಳಗಿನ 903 ಮಂದಿಯದು. ಅವರಲ್ಲಿ ನಡುವಯಸ್ಸಿನವರೂ ಇದ್ದರು ಎಂಬುದು ನನಗೆ ಬಹಳ ಮುಖ್ಯವೆನಿಸುತ್ತದೆ: ಶುರುಮಾಡಲು ತಡವಾಯಿತು ಎಂದು ಕೈಬಿಡಬೇಕಿಲ್ಲ. ಬಳಸಿದ್ದು ಎಸ್‌ಪಿಎಫ್ 15ರ ಸಾಧಾರಣ ಸನ್‌ಸ್ಕ್ರೀನ್. ದುಬಾರಿ ಡಬ್ಬಿಯಲ್ಲ.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಗಾಳಿ ತಂಪು. ಆ ತಂಪು ನಮ್ಮನ್ನು ಮರುಳು ಮಾಡುತ್ತದೆ. ಬೇಸಿಗೆಯ ಮಧ್ಯಾಹ್ನ ಇಲ್ಲಿ ಯುವಿ ಸೂಚ್ಯಂಕ 11 ದಾಟುವುದು ಸಾಮಾನ್ಯ, ಅದು ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅತಿ ತೀವ್ರ ಎನ್ನುವ ಮಟ್ಟ. ಮುಖಕ್ಕೆ ಸನ್‌ಸ್ಕ್ರೀನ್ ಹಚ್ಚುವವರೂ ದವಡೆಯ ಅಂಚಿಗೆ ಬಂದು ನಿಲ್ಲಿಸಿಬಿಡುತ್ತಾರೆ. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಹಿಂಡಿದರೆ ಬರುವಷ್ಟು ಸನ್‌ಸ್ಕ್ರೀನ್ ಮುಖ, ಕುತ್ತಿಗೆ ಎರಡಕ್ಕೂ ಸೇರಿ ಬೇಕು. ಕತ್ತಿನ ಹಿಂಭಾಗ, ಕಿವಿಯ ಕೆಳಗೆ, ಕೊರಳೆಲುಬಿನವರೆಗೂ ಹೋಗಬೇಕು. ಎಸ್‌ಪಿಎಫ್ 30 ಅಥವಾ ಹೆಚ್ಚು ಇರಲಿ, ಜೊತೆಗೆ ಯುವಿಎ ತಡೆಯನ್ನು ಸೂಚಿಸುವ ಪಿಎ ಗುರುತೂ ಇರಲಿ. ಬಿಳಿಬಿಳಿಯಾಗಿ ಕಾಣುತ್ತದೆ ಎಂದು ಬೇಸರಿಸುವವರಿಗೆ ಚರ್ಮದ ಬಣ್ಣ ಬೆರೆಸಿದ ಬಗೆ ಸಿಗುತ್ತದೆ. ಅದರಲ್ಲಿನ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ, ನಮ್ಮ ಚರ್ಮ ಕಪ್ಪಾಗುವುದರಲ್ಲಿ ಆ ಬೆಳಕಿನ ಕೈವಾಡವೂ ಇದೆ.

ಖರ್ಚಿಲ್ಲದ ದಾರಿಯೂ ಒಂದುಂಟು. ಹೊಲದಲ್ಲಿ ಕಳೆ ಕೀಳುವಾಗ ಸೆರಗನ್ನು ತಲೆಯ ಮೇಲಿಂದ ಕತ್ತು ಸುತ್ತಿ ಸಿಕ್ಕಿಸುವ ಹೆಂಗಸರು ಸನ್‌ಸ್ಕ್ರೀನಿನ ಹೆಸರೂ ಕೇಳದೆ ಸರಿಯಾದ ಕೆಲಸವನ್ನೇ ಮಾಡುತ್ತಿದ್ದಾರೆ. ಒತ್ತಾಗಿ ನೆಯ್ದ, ಗಾಢ ಬಣ್ಣದ ಹತ್ತಿಬಟ್ಟೆ ಒಳ್ಳೆಯದು. ಸ್ಕೂಟರಿನಲ್ಲಿ ಹೋಗುವಾಗ ವೇಲನ್ನು ಮುಖಕ್ಕೆ ಕಟ್ಟುವವರು ಅದು ಕತ್ತಿನ ಹಿಂದೆಯೂ ಮುಚ್ಚಿದೆಯೇ ಎಂದು ನೋಡಿಕೊಂಡರೆ ಸಾಕು.

ಕುತ್ತಿಗೆಯ ಅಡ್ಡಗೆರೆಗಳ ಮಾತು ಬೇರೆ. ಅವು ಹಸುಗೂಸಿನಲ್ಲೂ ಇರುತ್ತವೆ, ಬಾಗುವ ಜಾಗದ ಮಡಿಕೆಗಳು ಅವು. ನಮ್ಮ ಶಿಲ್ಪಿಗಳು ಶಂಖದಂಥ ಕೊರಳಿಗೆ ಮೂರು ರೇಖೆ ಬಿಡಿಸಿ ಅದನ್ನೇ ಚೆಲುವಿನ ಲಕ್ಷಣ ಎಂದರು. ಅವನ್ನು ಅಳಿಸಲು ಹಣ ಸುರಿಯುವುದು ನನಗಂತೂ ಸರಿ ಕಾಣುವುದಿಲ್ಲ. ಮೇಲಿಂದ ಕೆಳಕ್ಕೆ ಹುರಿಯಂತೆ ಎದ್ದು ಕಾಣುವ ಉದ್ದಗೆರೆಗಳು ಪ್ಲಾಟಿಸ್ಮಾ ಎಂಬ ತೆಳು ಸ್ನಾಯುವಿನ ಅಂಚುಗಳು. ಈ ಸ್ನಾಯು ಎದೆಯ ಮೇಲ್ಭಾಗದಿಂದ ದವಡೆಯವರೆಗೆ ಹಾಳೆಯ ಹಾಗೆ ಹರಡಿದೆ. ಯಾವ ಕ್ರೀಮೂ ಅದನ್ನು ತಲುಪುವುದಿಲ್ಲ. ಕತ್ತು ಬಿಗಿದು ಮಾಡುವ ‘ವ್ಯಾಯಾಮ’ಗಳು ಆ ಅಂಚನ್ನು ಇನ್ನಷ್ಟು ಎದ್ದು ಕಾಣಿಸಬಹುದು. ಬೊಟಾಕ್ಸ್ ಚುಚ್ಚಿಸಿದರೆ ಕೆಲವು ತಿಂಗಳ ಮಟ್ಟಿಗೆ ಸಡಿಲವಾಗುತ್ತದೆ, ಅಷ್ಟೇ.

ಹಚ್ಚುವ ಔಷಧಿಗಳಲ್ಲಿ ಗಟ್ಟಿ ಪುರಾವೆ ಇರುವುದು ವಿಟಮಿನ್ ಎ ಕುಲದ ರೆಟಿನಾಯ್ಡ್‌ಗಳಿಗೆ. ಟ್ರೆಟಿನಾಯಿನ್ ಬಿಸಿಲಿಗೆ ಸವೆದ ಚರ್ಮವನ್ನು ಸುಧಾರಿಸುತ್ತದೆ ಎಂದು ಅಮೆರಿಕದ ಆಲ್ಬರ್ಟ್ ಕ್ಲಿಗ್‌ಮನ್ 1986ರಲ್ಲಿ ತೋರಿಸಿದರು. ಆದರೆ ಮುಖ ತಡೆದುಕೊಂಡದ್ದನ್ನು ಕುತ್ತಿಗೆ ತಡೆಯುವುದಿಲ್ಲ. ವಾರಕ್ಕೆ ಎರಡು ರಾತ್ರಿ, ಬಟಾಣಿ ಕಾಳಿನಷ್ಟು, ಅದೂ ಮಾಯಿಶ್ಚರೈಸರ್ ಹಚ್ಚಿದ ಮೇಲೆ ಶುರುಮಾಡಿ ನಿಧಾನವಾಗಿ ಹೆಚ್ಚಿಸಬೇಕು. ಗರ್ಭಿಣಿಯರಿಗೆ ಇದು ಬೇಡ. ಮುಟ್ಟು ಏರುಪೇರಾಗುವ ನಲವತ್ತರ ನಂತರವೂ ಗರ್ಭ ನಿಲ್ಲಬಹುದು ಎಂಬುದನ್ನು ಮರೆಯಬಾರದು. ಒಣಚರ್ಮಕ್ಕೆ ಸ್ನಾನವಾದ ಕೂಡಲೇ, ಮೈ ಇನ್ನೂ ತೇವವಿರುವಾಗ ಹಚ್ಚುವ ಸಾದಾ ಕ್ರೀಮಾಗಲಿ ಕೊಬ್ಬರಿ ಎಣ್ಣೆಯಾಗಲಿ ಸಾಕಾಗುತ್ತದೆ. ಎಣ್ಣೆ ತೇವವನ್ನು ಹಿಡಿದಿಡುತ್ತದೆಯೇ ಹೊರತು ಬಿಸಿಲನ್ನು ತಡೆಯುವುದಿಲ್ಲ.

ನನಗೆ ನಿಜವಾದ ಆತಂಕ ಇರುವುದು ಮನೆಮದ್ದಿನ ಹೆಸರಿನಲ್ಲಿ ನಡೆಯುವ ಉಜ್ಜಾಟದ ಬಗ್ಗೆ. ಕತ್ತು ಕಪ್ಪಾದರೆ ಕೊಳೆ ಎಂದುಕೊಂಡು ಅರ್ಧ ನಿಂಬೆಹಣ್ಣಿಗೆ ಸಕ್ಕರೆ ಅದ್ದಿ ತಿಕ್ಕುವವರು ಎಷ್ಟೋ ಜನ. ನಿಂಬೆರಸದಲ್ಲಿರುವ ಕೆಲವು ರಾಸಾಯನಿಕಗಳು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಸುಟ್ಟಂತಾಗಿ, ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ ಬೀಳುತ್ತದೆ. ಉಜ್ಜಿದಷ್ಟೂ ಕಂದು ಚರ್ಮ ಹೆಚ್ಚು ಬಣ್ಣ ಸುರಿಸುತ್ತದೆ. ಕೃತಕ ಸರದ ನಿಕ್ಕಲ್, ತಲೆಗೂದಲಿನ ಬಣ್ಣ, ಕತ್ತಿಗೆ ನೇರವಾಗಿ ಸಿಂಪಡಿಸುವ ಸೆಂಟು, ಇವುಗಳಿಂದ ಆಗುವ ಅಲರ್ಜಿಯೂ ಹೀಗೆಯೇ ಕಪ್ಪಾಗಿ ಉಳಿಯುತ್ತದೆ. ಇನ್ನು ಔಷಧಿ ಅಂಗಡಿಯಲ್ಲಿ ಕೇಳಿ ತರುವ ‘ಬೆಳ್ಳಗಾಗುವ’ ಮುಲಾಮುಗಳಲ್ಲಿ ಅನೇಕವು ಸ್ಟಿರಾಯ್ಡ್ ಬೆರೆತವು. ಮೊದಲ ವಾರ ತಿಳಿಯಾಗಿಸಿ, ಆಮೇಲೆ ಚರ್ಮವನ್ನು ಇನ್ನಷ್ಟು ತೆಳುವಾಗಿಸುತ್ತವೆ. ನಾವು ತಡೆಯಬೇಕೆಂದಿದ್ದ ಮುಪ್ಪನ್ನೇ ದುಡ್ಡು ಕೊಟ್ಟು ತಂದಂತೆ.

ಕತ್ತಿನ ಹಿಂದೆ ಮತ್ತು ಪಕ್ಕಗಳಲ್ಲಿ ಚರ್ಮ ದಪ್ಪವಾಗಿ, ಮುಟ್ಟಿದರೆ ಮಖಮಲ್ಲಿನಂತಾಗಿ ಕಪ್ಪಾಗಿದ್ದರೆ ಅದು ಕೊಳೆಯೂ ಅಲ್ಲ, ವಯಸ್ಸೂ ಅಲ್ಲ. ಅಕಾಂಥೋಸಿಸ್ ನೈಗ್ರಿಕನ್ಸ್ ಎಂಬ ಈ ಬದಲಾವಣೆ ಬಹುತೇಕ ಇನ್ಸುಲಿನ್ ಮಾತಿಗೆ ದೇಹ ಸರಿಯಾಗಿ ಓಗೊಡುತ್ತಿಲ್ಲ ಎಂಬುದರ ಸೂಚನೆ. ಕಂಕುಳಲ್ಲೂ ಹೀಗೇ ಕಾಣಬಹುದು, ಪಕ್ಕದಲ್ಲಿ ಸಣ್ಣ ಮಾಂಸದ ಕಾಳುಗಳು ಎದ್ದಿರಬಹುದು. ಇಂಥವರು ಸೋಪು ಬದಲಿಸುವ ಮೊದಲು ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಬೇಕು. ತೂಕ ಇಳಿದು ಸಕ್ಕರೆ ಹತೋಟಿಗೆ ಬಂದರೆ ಆ ಕಪ್ಪು ತಿಂಗಳುಗಳಲ್ಲಿ ತಾನಾಗಿ ತಿಳಿಯಾಗುತ್ತಾ ಬರುತ್ತದೆ. ಹಾಗೆಯೇ ಗಂಟಲ ಮುಂಭಾಗದ ಉಬ್ಬನ್ನು ಕೊಬ್ಬು ಎಂದು ಬಿಟ್ಟುಬಿಡಬೇಡಿ. ನೀರು ನುಂಗುವಾಗ ಅದು ಮೇಲಕ್ಕೆ ಸರಿದು ಕೆಳಗಿಳಿದರೆ ಥೈರಾಯ್ಡ್ ಗ್ರಂಥಿಯ ಊತ ಇರಬಹುದು; ಅದಕ್ಕೆ ವೈದ್ಯರ ಕೈ ಮುಟ್ಟಬೇಕು, ರಕ್ತಪರೀಕ್ಷೆ ಮತ್ತು ಸ್ಕ್ಯಾನಿಂಗ್ ಆಗಬೇಕು.